ಇಪ್ಪತ್ತೆರಡು ಗಂಟು

"ಗುರುಗಳೇ, ಈ ಚೀಲದಲ್ಲಿ ಇನ್ನೇನು ಇರಬೇಕು?" ಎಂದು ಶಾಂಭವಿ ಕೇಳಿದಳು.

ಮರುದಿನ ಅವಳು ಒಂಬತ್ತು ಜನರನ್ನು ಕರೆದುಕೊಂಡು ಚಾರಣಕ್ಕೆ ಹೋಗುವವಳಿದ್ದಳು. ಮೂರು ದಿನದ ಬೆಟ್ಟದ ದಾರಿ. ಮುಂದಾಳಾಗಿ ಅವಳಿಗೆ ಅದೇ ಮೊದಲು. ಪ್ರಥಮ ಚಿಕಿತ್ಸೆಯ ಚೀಲವನ್ನು ಅವಳು ಗುರುವಿನ ಮುಂದೆ ತೆರೆದಿಟ್ಟಿದ್ದಳು. ಹತ್ತಿ, ಬ್ಯಾಂಡೇಜು, ಕತ್ತರಿ, ಮುಲಾಮು, ಜ್ವರದ ಮಾತ್ರೆ, ಉಳುಕಿದ ಕಾಲಿಗೆ ಸುತ್ತುವ ಪಟ್ಟಿ, ಎಲ್ಲ ಇದ್ದವು.

"ಒಂಬತ್ತು ಜನಕ್ಕೆ ಸಾಲುವಷ್ಟಿದೆ. ಯಾರಿಗೆ ಏನಾದರೂ ನಾನು ನೋಡಿಕೊಳ್ಳುತ್ತೇನೆ," ಎಂದಳು.

ಗುರು ಚೀಲವನ್ನು ನೋಡಿದರು. ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಗುಡ್ಡ ದಾಟಿ ಉಪ್ಪು ಮಾರಲು ಹೋಗುವ ವ್ಯಾಪಾರಿಗಳ ಜೊತೆ ವರ್ಷಕ್ಕೆ ಎರಡು ಸಲ ಅವನೂ ಹೋಗುತ್ತಿದ್ದ. ಯಾರಿಗೆ ಮುಳ್ಳು ನೆಟ್ಟರೂ, ಯಾರ ಕಾಲು ಉಳುಕಿದರೂ ಅವನೇ ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ದಾರಿಯಲ್ಲಿ ಒಬ್ಬರೂ ಸತ್ತಿರಲಿಲ್ಲ. ಅವನಿದ್ದಾನೆ ಎಂದರೆ ಎಲ್ಲರಿಗೂ ಧೈರ್ಯ.

ಅವನ ಚೀಲದಲ್ಲಿ ಇಪ್ಪತ್ತೆರಡು ಪೊಟ್ಟಣಗಳಿದ್ದವು. ಎಲ್ಲವೂ ಒಂದೇ ಬಟ್ಟೆಯವು. ಯಾವುದರ ಮೇಲೂ ಹೆಸರಿಲ್ಲ. ಗುರುತು ಇದ್ದದ್ದು ದಾರದ ಗಂಟಿನಲ್ಲಿ. ರಕ್ತ ನಿಲ್ಲಿಸುವ ಪುಡಿಗೆ ಒಂದು ಬಗೆಯ ಗಂಟು, ವಾಂತಿಗೆ ಇನ್ನೊಂದು, ಚೇಳು ಕಡಿದದ್ದಕ್ಕೆ ಮತ್ತೊಂದು. ಅದು ಅವರ ಮನೆತನದ ಪದ್ಧತಿ. ಅಪ್ಪ ಅವನೊಬ್ಬನಿಗೆ ಕಲಿಸಿದ್ದ. ಅವನು ಯಾರಿಗೂ ಕಲಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡು ಚೀಲಕ್ಕೆ ಕೈ ಹಾಕಿದರೂ ಬೇಕಾದದ್ದೇ ಅವನ ಬೆರಳಿಗೆ ಸಿಗುತ್ತಿತ್ತು. ಅದರ ಬಗ್ಗೆ ಅವನಿಗೆ ಹೆಮ್ಮೆ.

ಒಂದು ಸಲ ಅವನ ಹಿಂದೆ ನಡೆಯುತ್ತಿದ್ದ ವ್ಯಾಪಾರಿಯೊಬ್ಬ ಕೇಳಿದ, "ವೈದ್ಯರೇ, ಯಾವ ಗಂಟು ಯಾವುದಕ್ಕೆ ಅಂತ ನನಗೂ ಒಂದಿಷ್ಟು ಹೇಳಿಬಿಡಿ."

"ನಿನಗ್ಯಾಕಯ್ಯಾ ಅದು? ನೀನು ಬೀಳೋ ಕೆಲಸ ಮಾಡು, ಸಾಕು. ಏಳಿಸೋ ಕೆಲಸ ನನ್ನದು."

"ನೀವೇ ಬಿದ್ದರೆ?"

"ಈ ದಾರಿಯ ಕಲ್ಲಿಗೆಲ್ಲ ನನ್ನ ಕಾಲಿನ ಪರಿಚಯ ಇದೆ. ನೀನು ನಿನ್ನ ಎತ್ತು ನೋಡಿಕೋ. ಆಗಿನಿಂದ ನನ್ನ ಚೀಲ ಮೂಸುತ್ತಿದೆ."

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ.

ಮಾರನೆಯ ದಿನ ಇಳಿಜಾರಿನಲ್ಲಿ ಒಂದು ಕಲ್ಲು ಜಾರಿತು. ಅದರ ಮೇಲಿದ್ದದ್ದು ವೈದ್ಯನ ಕಾಲು. ತಲೆ ಬಂಡೆಗೆ ಬಡಿದು ಅವನಿಗೆ ಎಚ್ಚರ ತಪ್ಪಿತು. ತೊಡೆ ಸೀಳಿ ರಕ್ತ ಹರಿಯತೊಡಗಿತು.

ವ್ಯಾಪಾರಿ ಓಡಿಬಂದು ಚೀಲ ತೆರೆದ. ಇಪ್ಪತ್ತೆರಡು ಪೊಟ್ಟಣಗಳನ್ನೂ ನೆಲದ ಮೇಲೆ ಹರಡಿದ. ರಕ್ತ ನಿಲ್ಲಿಸುವ ಪುಡಿ ಅವುಗಳಲ್ಲೇ ಇದೆ ಎಂದು ಅವನಿಗೆ ಗೊತ್ತಿತ್ತು. ಗಾಯಕ್ಕೆ ತಾಗಿದರೆ ಪ್ರಾಣ ತೆಗೆಯುವ ಪುಡಿಯೂ ಅವುಗಳಲ್ಲೇ ಇದೆ ಎಂದು ವೈದ್ಯನೇ ಒಮ್ಮೆ ಹೇಳಿದ್ದ. ವ್ಯಾಪಾರಿ ಒಂದು ಪೊಟ್ಟಣ ಎತ್ತಿಕೊಂಡ. ಕೆಳಗಿಟ್ಟ. ಇನ್ನೊಂದನ್ನು ಎತ್ತಿಕೊಂಡ. ಅದನ್ನೂ ಇಟ್ಟ. ಅಷ್ಟರಲ್ಲಿ ವೈದ್ಯನ ಮುಖ ಬಿಳಿಚಿಕೊಂಡಿತ್ತು.

ವ್ಯಾಪಾರಿ ತಲೆಯ ರುಮಾಲು ಬಿಚ್ಚಿದ. ಅದನ್ನು ಗಾಯದ ಮೇಲೆ ಒತ್ತಿ ಬಿಗಿಯಾಗಿ ಕಟ್ಟಿದ. ಎತ್ತಿನ ಬೆನ್ನಿನಿಂದ ಉಪ್ಪಿನ ಮೂಟೆ ಇಳಿಸಿ, ಅಲ್ಲಿ ವೈದ್ಯನನ್ನು ಮಲಗಿಸಿ, ಊರು ಸೇರಿಸಿದ.

ವೈದ್ಯ ಬದುಕಿದ. ಆದರೆ ಆ ಕಾಲನ್ನು ಮತ್ತೆ ಸರಿಯಾಗಿ ನೆಲಕ್ಕೆ ಊರಲಾಗಲಿಲ್ಲ. ಅವನು ಗುಡ್ಡ ಹತ್ತಿದ್ದು ಅದೇ ಕೊನೆ.

ಎಚ್ಚರವಾದಾಗ ಅವನು ಕೇಳಿದ ಮೊದಲ ಮಾತು, "ನನ್ನ ಚೀಲ ಎಲ್ಲಿ?"

"ಇಲ್ಲೇ ಇದೆ ವೈದ್ಯರೇ," ಎಂದ ವ್ಯಾಪಾರಿ. "ಒಂದು ಚಿಟಿಕೆಯೂ ಖರ್ಚಾಗಿಲ್ಲ."

ಗುರು ಕತೆ ನಿಲ್ಲಿಸಿದರು.

ಶಾಂಭವಿ ತನ್ನ ಚೀಲದ ಮೇಲೆ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ಅವಳ ಮುಖ ಹಗುರಾಯಿತು.

"ನಾನು ಆ ತಪ್ಪು ಮಾಡಿಲ್ಲ ಗುರುಗಳೇ. ಪ್ರತಿಯೊಂದರ ಮೇಲೂ ಹೆಸರು ಬರೆದಿದ್ದೇನೆ. ಚೀಲವಂತೂ ನನ್ನ ಹೆಗಲಿನಿಂದ ಇಳಿಯುವುದೇ ಇಲ್ಲ. ಯಾರೂ ಅದನ್ನು ಮುಟ್ಟುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಒಂಬತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡೇ ತುಂಬಿದ್ದೇನೆ."

ಗುರು ಹೇಳಿದರು, "ನಾಳೆ ಬೆಟ್ಟಕ್ಕೆ ಹೋಗುವವರು ಹತ್ತು ಜನ, ಶಾಂಭವಿ."