ಎದ್ದು ಹೋದವನ ಆಟ

“ಗುರುಗಳೇ, ಮಾಲತೇಶನಿಗೆ ಆ ಹಳೆಯ ಸರಳೆಯಲ್ಲಿ ಅಷ್ಟೊಂದು ಸುಖ ಹೇಗೆ ಸಿಗುತ್ತದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಕೊಳಲು ಕಲಿಸುವವರು. ಮಾಲತೇಶ ಈ ಶಿಷ್ಯನ ಜೊತೆಯಲ್ಲೇ ಕಲಿಯಲು ಬಂದವನು. ಹಿತ್ತಿಲ ಕಡೆ ಕೂತು ಅವನು ಸರಳೆ ನುಡಿಸುತ್ತಿದ್ದ. ಹೊಸದಾಗಿ ಬಂದವರಿಗೆಲ್ಲ ಕಲಿಸುವ ಮೊದಲ ಪಾಠ ಅದು.

“ಅವನ ಸುಖ ಇರಲಿ, ನಿನ್ನ ಕಷ್ಟ ಹೇಳು” ಎಂದರು ಗುರುಗಳು.

“ನನಗೆ ದೊಡ್ಡ ದೊಡ್ಡ ಕೃತಿಗಳನ್ನು ಕೊಟ್ಟಿದ್ದೀರಿ. ಒಂದೂ ರುಚಿಸುತ್ತಿಲ್ಲ. ಅವನು ಮೊದಲ ಪಾಠವನ್ನೇ ನುಡಿಸಿಕೊಂಡು ಮುಖ ಅರಳಿಸಿಕೊಂಡಿರುತ್ತಾನೆ. ಇವತ್ತು ನಾನೂ ಸರಳೆಗೇ ಕೂತೆ. ಅಷ್ಟರಲ್ಲಿ ಅವನ ಕೊಳಲು ಕೇಳಿಸಿತು. ಹೊಟ್ಟೆ ಉರಿಯಿತು. ತಡೆಯಲಾಗದೆ ಬಂದೆ.”

“ಹೊಟ್ಟೆ ಉರಿಗೆ ನನ್ನ ಹತ್ತಿರ ಮಜ್ಜಿಗೆ ಇಲ್ಲ, ಕತೆ ಇದೆ. ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ವಿಡಿಯೊ ಗೇಮಿನ ಹುಚ್ಚು. ನಗಬೇಡ. ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಬಿಚ್ಚಿ ಮಡಚುವವನಿಗೆ ಸಂಜೆ ಏನಾದರೂ ಒಂದು ಬೇಕಲ್ಲ. ಪೇಟೆಗೆ ಯಾವ ಹೊಸ ಆಟ ಬಂದರೂ ಅದು ಮೊದಲು ಅವನ ಮನೆಗೆ ಬರುತ್ತಿತ್ತು. ಗೋಡೆಯಗಲದ ಟೀವಿ, ಒರಗಿ ಕೂರುವ ಕುರ್ಚಿ, ಎಲ್ಲವೂ ಇತ್ತು. ಆಟದಲ್ಲಿ ಕಾಡು, ಕಡಲು, ಯುದ್ಧ ಎಲ್ಲ ನಿಜದಂತೆಯೇ ಕಾಣುತ್ತಿದ್ದವು. ಆದರೆ ಸ್ವಲ್ಪ ಹೊತ್ತಿಗೇ ಅವನಿಗೆ ಆಕಳಿಕೆ ಬರುತ್ತಿತ್ತು. ಆಟವನ್ನು ಅಲ್ಲಿಗೇ ನಿಲ್ಲಿಸಿ ಏಳುತ್ತಿದ್ದ. ಹೊಸ ಆಟಗಳು ಒಳ್ಳೆಯ ನೌಕರರ ಹಾಗೆ. ನಿಲ್ಲು ಎಂದರೆ ನಿಲ್ಲುತ್ತವೆ, ಯಾವಾಗ ಬಂದರೂ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತವೆ. ಅವನು ಮಾತ್ರ ತಿರುಗಿ ಬರುತ್ತಿರಲಿಲ್ಲ.

ಎದುರು ಮನೆಯಲ್ಲಿ ಒಬ್ಬ ದರ್ಜಿ ಇದ್ದ. ವ್ಯಾಪಾರಿಯ ಬಾಲ್ಯದ ಗೆಳೆಯ. ಈಗ ವ್ಯಾಪಾರಿಯ ಅಂಗಡಿಯ ಜಗಲಿಯ ಮೇಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ. ಸಂಜೆಯಾದರೆ ಆ ಮನೆಯಿಂದ ನಗು ಕೇಳಿಸುತ್ತಿತ್ತು. ಸಣ್ಣ ನಗುವಲ್ಲ, ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವ ನಗು.

ಒಂದು ಸಂಜೆ ವ್ಯಾಪಾರಿ ಹೋಗಿ ಅವರ ಬಾಗಿಲಲ್ಲಿ ನಿಂತು ನೋಡಿದ. ಹಳೆಯ ಡಬ್ಬಿ ಟೀವಿಯಲ್ಲಿ ಒಂದು ಚಿಕ್ಕ ಗೊಂಬೆ ಹಳ್ಳ ಹಾರುತ್ತಿತ್ತು. ಕ್ಯಾಸೆಟ್ ಹಾಕಿ ಆಡುವ ಕಾಲದ ಆಟ. ಗೊಂಬೆ ಹಳ್ಳಕ್ಕೆ ಬಿದ್ದರೆ ಆಡುತ್ತಿದ್ದವರು ರಿಮೋಟನ್ನು ಇನ್ನೊಬ್ಬರಿಗೆ ಕೊಡಬೇಕು, ಅವರು ಮೊದಲಿನಿಂದ ಶುರು ಮಾಡಬೇಕು. ವ್ಯಾಪಾರಿಗೆ ಗುರುತು ಹತ್ತಿತು. ಅದು ಅವನದೇ ಆಟ. ಹುಡುಗರಾಗಿದ್ದಾಗ ಇದೇ ದರ್ಜಿಯ ಜೊತೆ ಆಡಿದ್ದ. ಹೊಸದು ಬಂದಾಗ, ಅಟ್ಟದಲ್ಲಿ ಜಾಗ ಹಿಡಿಯುತ್ತದೆಂದು ತಾನೇ ಅವನಿಗೆ ಕೊಟ್ಟುಬಿಟ್ಟಿದ್ದ.

ಅವನ ಕಣ್ಣು ಕೆಂಪಾಯಿತು. ‘ನನ್ನ ಸಾಮಾನು, ಇವನ ಮನೆಯಲ್ಲಿ ನಗು’ ಎಂದುಕೊಂಡ. ಊಟ ಸೇರಲಿಲ್ಲ. ಮರುದಿನ ಹೋಗಿ, ಅದು ತನ್ನ ತಂದೆ ಕೊಡಿಸಿದ್ದು, ಅವರ ನೆನಪಿಗೆ ಬೇಕು ಎಂದು ಸುಳ್ಳು ಹೇಳಿದ. ದರ್ಜಿ ಅದನ್ನು ತಂದು ಬಟ್ಟೆಯಲ್ಲಿ ಒರೆಸಿ ಕೊಟ್ಟ.

“ಸಾವ್ಕಾರ್ರ, ಕ್ಯಾಸೆಟ್ ಹಿಡೀಲಿಲ್ಲಂದ್ರ ಒಂದ್ಸಲ ಉಫ್ ಅಂತ ಊದ್ರಿ. ಆಟ ನಿಲ್ಲಸೋ ಬಟನ್ ಕೆಟ್ಟೈತಿ. ನಡುವ ಏಳಬ್ಯಾಡ್ರಿ, ಗೊಂಬಿ ಸಾಯ್ತೈತಿ” ಎಂದ.

ವ್ಯಾಪಾರಿ ಮನೆಗೆ ತಂದು ಕ್ಯಾಸೆಟ್ಟನ್ನು ಊದಿ ಹಾಕಿದ. ಗೊಂಬೆ ಮೊದಲ ಹಳ್ಳಕ್ಕೇ ಬಿತ್ತು. ಮತ್ತೆ ಆಡಿದ, ಮತ್ತೆ ಬಿತ್ತು. ಅವನಿಗೆ ಸಿಟ್ಟು ಬಂತು, ಆಮೇಲೆ ಹಟ ಬಂತು, ಆಮೇಲೆ ತನಗೇ ತಿಳಿಯದೆ ನಗು ಬಂತು. ಆಕಳಿಕೆ ಎಲ್ಲಿ ಹೋಯಿತೋ. ಅಡುಗೆಮನೆಯಲ್ಲಿದ್ದ ಹೆಂಡತಿ ಗಂಡನ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅವನ ಗೊಂಬೆ ಬಿದ್ದಾಗ ರಿಮೋಟ್ ಅವಳಿಗೆ ಕೊಟ್ಟ. ಅವಳದು ಬಿದ್ದಾಗ ಇಸಕೊಂಡ. ಹಾಗೆ ಆಡುತ್ತ ಆಡುತ್ತ ಹುಡುಗನಾಗಿದ್ದಾಗಲೂ ದಾಟದ ಹಳ್ಳಗಳನ್ನು ದಾಟಿದ. ಕೊನೆಯ ಕೋಟೆ ಕಣ್ಣಿಗೆ ಬಿತ್ತು. ಹೆಂಡತಿ ಅವನ ತೋಳು ಹಿಡಿದುಕೊಂಡು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಆಗ ಎದುರು ಮನೆಯಿಂದ ನಗು ಕೇಳಿಸಿತು.

ವ್ಯಾಪಾರಿಯ ಕೈ ನಿಂತಿತು. ಆಟ ಇಲ್ಲಿದೆ, ಅಲ್ಲಿ ಇನ್ನೂ ಏನು ಉಳಿದಿದೆ ನಗುವುದಕ್ಕೆ? ತನಗೆ ಕೊಟ್ಟದ್ದಕ್ಕಿಂತ ಒಳ್ಳೆಯದನ್ನು ಅವನು ಒಳಗೆ ಬಚ್ಚಿಟ್ಟುಕೊಂಡಿದ್ದಾನೆ ಎಂದು ಅವನ ಹೊಟ್ಟೆ ಮತ್ತೆ ಉರಿಯಿತು. ರಿಮೋಟ್ ಕೆಳಗಿಟ್ಟು ಎದ್ದ.

“ಎದ್ದೆಲ್ಲಿ ಹೊಂಟ್ರಿ? ಗೊಂಬಿ ಸಾಯ್ತೈತ್ರಿ!” ಎಂದು ಹೆಂಡತಿ ಕೂಗಿದಳು. ಅವನು ಆಗಲೇ ಬೀದಿ ದಾಟಿದ್ದ.

ದರ್ಜಿಯ ಮನೆಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಬಟ್ಟೆಗೆ ಗುರುತು ಹಾಕುವ ಬಳಪದಿಂದ ನೆಲದ ಮೇಲೆ ಚೌಕಾಬಾರದ ಮನೆ ಬರೆದಿದ್ದರು. ಹುಣಸೆಬೀಜ ಚೆಲ್ಲಿ, ಕಾಯಿಗಳ ಬದಲು ಅಂಗಿಯ ಗುಂಡಿಗಳನ್ನು ನಡೆಸುತ್ತಿದ್ದರು. ಹೆಂಡತಿ ಗಂಡನ ಗುಂಡಿಯನ್ನು ಹೊಡೆದು ನಗುತ್ತಿದ್ದಳು.

“ಆ ಗುಂಡಿ ಎಲ್ಲಿಂದ ಬಂದವು?” ಎಂದು ವ್ಯಾಪಾರಿ ಕೇಳಿದ.

“ನಿಮ್ಮ ಅಂಗಡಿ ಅಂಗೀವ ರೀ. ಹೊಲಿವಾಗ ಉದುರಿದ್ದು.”

“ಹಾಗಾದರೆ ಅವೂ ನನ್ನವು” ಎಂದ ವ್ಯಾಪಾರಿ.

ದರ್ಜಿ ಈ ಸಲ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗುಂಡಿಗಳನ್ನೆಲ್ಲ ಬಳಿದು ಅವನ ಬೊಗಸೆಗೆ ಹಾಕಿದ. ವ್ಯಾಪಾರಿ ಬೀದಿ ದಾಟುವಷ್ಟರಲ್ಲಿ ಹಿಂದೆ ಮತ್ತೆ ನಗು ಕೇಳಿಸಿತು. ಕಾಯಿಗಳಿಗೆ ಕಡಲೆಕಾಳು ಸಾಕಾಗಿತ್ತು.

ಮನೆಗೆ ಬಂದಾಗ ಗೊಂಬೆ ಸತ್ತಿತ್ತು. ಟೀವಿಯಲ್ಲಿ ಆಟ ಮತ್ತೆ ಮೊದಲ ಹಳ್ಳದ ಮುಂದೆ ನಿಂತಿತ್ತು. ಹೆಂಡತಿ ಎದ್ದು ಒಳಗೆ ಹೋಗಿದ್ದಳು. ಕರೆದರೂ ಬರಲಿಲ್ಲ. ಬೊಗಸೆಯ ತುಂಬ ಗುಂಡಿ ಹಿಡಿದುಕೊಂಡು ಅವನು ನಿಂತೇ ಇದ್ದ.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಹಿತ್ತಿಲಲ್ಲಿ ಮಾಲತೇಶನ ಸರಳೆ ಇನ್ನೂ ನಡೆದಿತ್ತು.

ಶಿಷ್ಯ ತಡೆಯಲಾರದೆ ಕೇಳಿದ: “ಅಯ್ಯೋ, ಕೊನೆಯ ಕೋಟೆಯ ತನಕ ಬಂದವನು ಹಾಗೆ ಎದ್ದು ಹೋಗಬಹುದೇ ಗುರುಗಳೇ?”

ಗುರುಗಳು ಅವನ ಕೈಯಲ್ಲಿದ್ದ ಕೊಳಲಿನ ಕಡೆ ನೋಡಿ ಕೇಳಿದರು: “ನೀನು ಎದ್ದು ಬಂದಾಗ ನಿನ್ನ ಸರಳೆ ಎಲ್ಲಿಯ ತನಕ ಬಂದಿತ್ತು?”