ಹೊಳೆ ದಾಟಿದವರು

ಹೊಳೆದಂಡೆಯ ಆಶ್ರಮದಲ್ಲಿ ಗುರು ಮುಪ್ಪಯ್ಯನವರ ಬಳಿ ಅಮೃತಲಿಂಗನೆಂಬ ಶಿಷ್ಯನಿದ್ದ. ಒಂದು ಕಂಪ್ಯೂಟರ್ ಆಟವನ್ನು ಕನ್ನಡಕ್ಕೆ ತರುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು.

ಆ ಆಟಕ್ಕೆ ಒಡೆಯರಿಲ್ಲ. ಹಲವು ದೇಶದವರು ಸೇರಿ ಬರೆದು, ಬೇಕಾದವರು ತಿದ್ದಿಕೊಳ್ಳಲಿ ಎಂದು ಬಿಟ್ಟಿದ್ದರು. ಆಡುವವರು ತಮ್ಮ ಹೆಸರು ಕೊಟ್ಟು, ದೋಣಿ ನಡೆಸಿ, ಹೊಳೆ ದಾಟಬೇಕು.

ಅಮೃತಲಿಂಗ ಒಂದೊಂದೇ ಸಾಲು ಅನುವಾದಿಸಿದ. ಹೆಸರು ಬರುವ ಕಡೆ ಜಾಗ ಖಾಲಿ ಬಿಟ್ಟ. ಆದರೆ ಅನುವಾದದ ಕಡತವನ್ನು ಕಂಪೈಲ್ ಮಾಡಿದ ಮೇಲಷ್ಟೇ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿದ ಮೇಲಷ್ಟೇ, ಅದು ಆಟದೊಳಗೆ ಸೇರುತ್ತದೆ. ಒಂದು ಚಿಹ್ನೆ ತಪ್ಪಿದರೂ ಯಂತ್ರ ಒಲ್ಲೆನೆನ್ನುತ್ತದೆ. ಎಷ್ಟೋ ಸಲ ಒಲ್ಲೆನೆಂದು, ಕೊನೆಗೊಂದು ಬೆಳಿಗ್ಗೆ ತಪ್ಪಿಲ್ಲ ಎಂದಿತು.

ಹಾಲು ತಂದಿದ್ದ ದ್ಯಾಮವ್ವನಿಗೆ ಆಡಿ ನೋಡಲು ಗುರುಗಳು ಹೇಳಿದರು. ಆಕೆ ಆಡಿದಳು. ಪರದೆಯ ಮೇಲೆ ಬಂತು: ‘ದ್ಯಾಮವ್ವ ಹೊಳೆ ದಾಟಿದನು.’

ದ್ಯಾಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ಶಿಷ್ಯ ತಲೆ ತಗ್ಗಿಸಿದ.

ಅವನು ಪ್ರತಿ ಸಾಲನ್ನೂ ಎರಡು ಬಗೆಯಾಗಿ ಬರೆದ. ಗಂಡೋ ಹೆಣ್ಣೋ ಎಂದು ಆಟದ ಮೊದಲಿಗೇ ಕೇಳುವಂತೆ ಮಾಡಿದ. ಮತ್ತೆ ಕಂಪೈಲ್ ಮಾಡಿದ. ಯಂತ್ರ ತಪ್ಪಿಲ್ಲ ಎಂದಿತು.

ಒಂದು ದಿನ, ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿದ್ದ ಕೆಂಚವ್ವ ಎಂಬ ಜೋಗಪ್ಪ ಆ ದಾರಿಯಲ್ಲಿ ಬಂದರು. ಸೀರೆ ಉಟ್ಟಿದ್ದರು, ತಲೆಯ ಮೇಲೆ ದೇವಿಯ ಬುಟ್ಟಿ. ಊರಿನಲ್ಲಿ ಕೆಲವರು ಅವರನ್ನು ಅವ್ವ ಎನ್ನುತ್ತಿದ್ದರು, ಕೆಲವರು ಅಪ್ಪ. ಅವರು ಬುಟ್ಟಿ ಇಳಿಸಿ, ಆಡುತ್ತೇನೆಂದು ಕುಳಿತು ಹೆಸರು ಕೊಟ್ಟರು.

ಗಂಡೋ ಹೆಣ್ಣೋ ಎಂದು ಆಟ ಕೇಳಿತು.

ಕೆಂಚವ್ವ ಸ್ವಲ್ಪ ಹೊತ್ತು ಪರದೆ ನೋಡಿದರು. ಯಾವ ಗುಂಡಿಯನ್ನೂ ಒತ್ತಲಿಲ್ಲ. ಬುಟ್ಟಿ ಹೊತ್ತುಕೊಂಡು, ಶರಣು ಎಂದು ಹೇಳಿ, ಹೊರಟುಹೋದರು.

“ಗಂಡು ಹೆಣ್ಣು ಇಬ್ಬರಿಗೂ ಜಾಗ ಮಾಡಿದ್ದೆ ಗುರುಗಳೇ” ಎಂದ ಶಿಷ್ಯ.

ಊಟದ ಹೊತ್ತಾಯಿತು, ಹೋಗಿ ಕರೆದುಕೊಂಡು ಬಾ ಎಂದರು ಗುರುಗಳು.

ಅಮೃತಲಿಂಗ ದಂಡೆಗುಂಟ ಓಡಿದ. ಕೆಂಚವ್ವ ದೂರ ಹೋಗಿಬಿಟ್ಟಿದ್ದರು. ನಿಂತಲ್ಲಿಂದಲೇ ಕೂಗಿದ. ಅವರು ತಿರುಗಿ ನೋಡಿ, ಹಿಂದಕ್ಕೆ ಬಂದರು.

ಅವರು ಕಾಲು ತೊಳೆಯುತ್ತಿದ್ದಾಗ ಗುರುಗಳು ಶಿಷ್ಯನನ್ನು ಕೇಳಿದರು: “ಏನಂತ ಕರೆದಿ?”

“‘ನಿಲ್ರಿ, ಉಂಡು ಹೋಗ್ರಿ’ ಅಂದೆ.”

“ಗಂಡೋ ಹೆಣ್ಣೋ ಅಂತ ಕೇಳಲಿಲ್ಲೇನು?”

“ಉಣ್ಣಾಕ ಕರೆಯುವಾಗ ಅದನ್ನ್ಯಾಕ...” ಎಂದವನು ಅಲ್ಲಿಗೇ ಮಾತು ನಿಲ್ಲಿಸಿದ.

ಅವನು ಊಟಕ್ಕೆ ಕೂಡಲಿಲ್ಲ. ಆ ಪ್ರಶ್ನೆಯನ್ನು ತೆಗೆದುಹಾಕಿದ. ‘ದಾಟಿದನು’, ‘ದಾಟಿದಳು’ ಎಂದಿದ್ದಲ್ಲೆಲ್ಲ ‘ದಾಟಿದರು’ ಎಂದು ಬರೆದು ಕಂಪೈಲ್ ಮಾಡಿದ.

ಉಂಡು ಕೈ ತೊಳೆದು ಬಂದ ಕೆಂಚವ್ವನನ್ನು ಇನ್ನೊಮ್ಮೆ ಆಡಲು ಕೇಳಿಕೊಂಡ. ಅವರು ಹಿಂದುಮುಂದು ನೋಡಿ ಕುಳಿತರು. ದೋಣಿ ಆಚೆ ದಡ ಮುಟ್ಟಿತು. ಪರದೆಯ ಮೇಲಿನದನ್ನು ಅಕ್ಷರ ಕೂಡಿಸಿ ಓದಿದರು: “ಕೆಂಚವ್ವ ಹೊಳೆ ದಾಟಿದರು.”

ಮತ್ತೆ ಆಡಿದರು. ಹೊತ್ತು ಇಳಿಯುವವರೆಗೆ ಆಡಿ, ಆಮೇಲೆ ಹೊರಟರು.

ಶಿಷ್ಯನಿಗೆ ಒಂದು ಸಂದೇಹ ಉಳಿದಿತ್ತು. ಆಟದಲ್ಲಿ ದೋಣಿ ಮುಳುಗಿಸಿಕೊಳ್ಳುವವರೂ ಇದ್ದರು, ಇನ್ನೊಬ್ಬರ ದೋಣಿ ಕದಿಯುವವರೂ ಇದ್ದರು.

“ಯಾರು ಎಂಥವರು ಅಂತ ತಿಳಿಯದೆ ಎಲ್ಲರಿಗೂ ಗೌರವ ಕೊಡೋದು ಹೆಂಗ, ಗುರುಗಳೇ?”

ಮುಪ್ಪಯ್ಯನವರು ದೀಪದ ಬತ್ತಿ ಸರಿಮಾಡುತ್ತಿದ್ದರು.

“ತಿಳಿದ ಮ್ಯಾಲೆ ಕೊಡೋದಕ್ಕ ಕೂಲಿ ಅಂತಾರಪ್ಪ.”