ದೋಣಿಯಲ್ಲಿ ಕೂತವರು

"ಗುರುಗಳೇ, ಒಂದು ಸಣ್ಣ ಸಂಘ. ಬೆರಳೆಣಿಕೆಯ ಜನ. ಇತರರ ಪರವಾಗಿ ಏನೋ ಕೇಳುತ್ತಾ ಓಡಾಡುತ್ತಾರೆ. ಅವರನ್ನು ಹೊಗಳಿದವರು ಯಾರೂ ಇಲ್ಲ. ವಿಶ್ವಕೋಶದಲ್ಲಿ ಅವರಿಗೆ ಜಾಗ ಕೊಡಬೇಕೋ, ಬೇಡವೋ?"

ಕೇಳಿದವನು ವಿಶ್ವಕೋಶದ ಕೆಲಸಕ್ಕೆ ಸೇರಿದ್ದ ಶಿಷ್ಯ. ಕೊಟ್ಟರೂ ತಪ್ಪಾದೀತು, ಬಿಟ್ಟರೂ ತಪ್ಪಾದೀತು ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ. ಗುರುಗಳು ಅವನನ್ನು ಕೂರಿಸಿ ಒಂದು ಕಥೆ ಹೇಳಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ಕೋಶಕಾರನಿದ್ದ. ನಾಡಿನ ಊರು, ಕೆರೆ, ಮಠ, ಸಂಘಗಳಲ್ಲಿ ಹೆಸರಿಸತಕ್ಕದ್ದನ್ನು ಆರಿಸಿ ಕೋಶದಲ್ಲಿ ಬರೆಯುವುದು ಅವನ ಕೆಲಸ. ಅದಕ್ಕೊಂದು ನಿಯಮ. ತಮ್ಮ ವಿಷಯ ತಾವೇ ಹೇಳಿಕೊಂಡರೆ ಸಾಲದು, ಹೊರಗಿನವರು ಹೇಳಬೇಕು. ನಿಯಮ ಒಳ್ಳೆಯದೇ. ಇಲ್ಲದಿದ್ದರೆ ಬಾಯಿ ಜೋರಿದ್ದವರೆಲ್ಲ ಒಳಗೆ ಬಂದು ಕೂರುತ್ತಿದ್ದರು.

ಕೋಶ ಮರುದಿನ ಅರಮನೆಗೆ ಹೋಗಬೇಕು. ಆಗ ಒಬ್ಬ ಸೂಲಗಿತ್ತಿ ಬಂದಳು.

"ಅಪ್ಪಾ, ನಮ್ಮ ಸಂಘದ ಹೆಸರು ಬರಿ. ಕೋಶದಲ್ಲಿ ಹೆಸರಿಲ್ಲದ ಸಂಘದ ಅಹವಾಲನ್ನು ಅರಮನೆಯಲ್ಲಿ ಕೇಳೋದಿಲ್ಲವಂತೆ."

"ಏನು ಅಹವಾಲು?"

"ಹೊತ್ತು ಮುಳುಗಿತು ಅಂತ ಅಂಬಿಗ ದೋಣಿಗೆ ಬೀಗ ಹಾಕಬಾರದು. ಬಸುರಿ ಬಂದರೆ, ಕಾಯಿಲೆಯವರು ಬಂದರೆ ದಾಟಿಸಬೇಕು. ನಿನಗೂ ನಾನು ಬಿಡಿಸಿ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಹಿಂದೊಂದು ರಾತ್ರಿ ಅವನ ಹೆಂಡತಿ ಹೆರಿಗೆ ನೋವು ತಿನ್ನುತ್ತಾ ಅದೇ ದಂಡೆಯಲ್ಲಿ ಕೂತಿದ್ದಳು. ವೈದ್ಯನ ಮನೆ ಆಚೆ ದಡದಲ್ಲಿತ್ತು. ದೋಣಿಗೆ ಬೀಗವಿತ್ತು. ಬೆಳಕು ಹರಿದ ಮೇಲೆ ಅಂಬಿಗ ಬಂದ. ಆಗ ದಾಟಬೇಕಾದವರು ಯಾರೂ ಉಳಿದಿರಲಿಲ್ಲ. ಅಂದು ಅವಳ ತಲೆ ಹಿಡಿದು ಕೂತವಳು ಇದೇ ಸೂಲಗಿತ್ತಿ. ಸಂಘ ಹುಟ್ಟಿದ್ದು ಆಮೇಲೆ. ಕೋಶಕಾರ ಮತ್ತೆ ಹೊಳೆಯ ಕಡೆ ಹೋಗಿರಲಿಲ್ಲ. ಮನೆಯಲ್ಲಿ ಎರಡು ತಟ್ಟೆ ಇದ್ದವು. ಒಂದನ್ನೇ ತೊಳೆಯುತ್ತಿದ್ದ.

ಅವನಿಗೆ ಹೆದರಿಕೆಯಾಯಿತು. ಬರೆದರೆ, ಬರೆಸಿದ್ದು ನನ್ನ ದುಃಖ ಎಂದಾಗುತ್ತದೆ. ಕೋಶ ಕೆಡುತ್ತದೆ. ಆದ್ದರಿಂದ ಇವರನ್ನು ಬೇರೆಯವರಿಗಿಂತ ಬಿಗಿಯಾಗಿ ನೋಡಬೇಕು ಎಂದುಕೊಂಡ. ಉಳಿದ ಸಂಘಗಳ ಬಗ್ಗೆ ಹೊರಗಿನವರು ಏನು ಹೇಳಿದರೂ ಅವನಿಗೆ ಸಾಕಾಗಿತ್ತು. ಇವರ ವಿಷಯದಲ್ಲಿ ಮಾತ್ರ ಹೊಗಳುವವರನ್ನೇ ಹುಡುಕುತ್ತಾ ಹೊರಟ.

ವರ್ತಕನನ್ನು ಕೇಳಿದ. "ಯಾವ ಸಂಘ?" ಎಂದ ವರ್ತಕ. ಮಠದ ಪಾರುಪತ್ಯಗಾರನನ್ನು ಕೇಳಿದ. ಅವನೂ ಕೇಳಿದ್ದಿಲ್ಲ. ಹೊತ್ತು ಇಳಿಯುತ್ತಿತ್ತು. ಕೊನೆಗೆ ಕಾಲೆಳೆದುಕೊಂಡು ಹೊಳೆಗೇ ಹೋದ.

ಸಂಘದ ಹೆಸರೆತ್ತುತ್ತಲೇ ಅಂಬಿಗ ಉರಿದುಬಿದ್ದ.

"ಆ ಪೀಡೆಗಳಾ? ಅವಕ್ಕೇನು ಮನೆಮಠ ಇಲ್ಲವಾ ಸ್ವಾಮಿ? ದಿನಾ ಸಂಜೆ ಸೊಪ್ಪು ಸೋಸುತ್ತಾ ನನ್ನ ದೋಣಿಯಲ್ಲೇ ಕೂರ್ತಾವೆ. ಒಬ್ಬಳು ಎದ್ದರೆ ಇನ್ನೊಬ್ಬಳು. ಬೀಗ ಹಾಕ್ತೀನಿ ಅಂದರೆ, ನಮ್ಮನ್ನೂ ಸೇರಿಸಿ ಹಾಕು ಅಂತಾವೆ. ಮಳೆಗಾಲದಿಂದ ನಾನು ನೆಮ್ಮದಿಯಾಗಿ ಉಂಡಿಲ್ಲ. ಯಾರಾದರೂ ನರಳುತ್ತಾ ಬಂದರೆ ಹುಟ್ಟು ಹಿಡಿಯಲೇಬೇಕು. ಅವರ ಮನೆ ಹಾಳಾಗ!"

"ಅವರನ್ನು ಒಳ್ಳೆಯವರು ಎನ್ನುವವರು ಯಾರಾದರೂ ಇದ್ದಾರೆಯೇ?"

"ಒಳ್ಳೆಯವರಾ! ಚೆನ್ನಾಗಿ ಕೇಳಿದಿರಿ, ಅದೂ ನನ್ನನ್ನು!"

ಕೋಶಕಾರ ಹಿಂದಿರುಗಿದ. ಹೊಗಳಿದವರು ಒಬ್ಬರೂ ಸಿಕ್ಕಿರಲಿಲ್ಲ. ಬೈಗುಳವನ್ನು ಬೈಗುಳವೆಂದೇ ಬಿಟ್ಟ. ಸಂಘದ ಹೆಸರಿಲ್ಲದೆ ಕೋಶ ಅರಮನೆಗೆ ಹೋಯಿತು. ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

ಸುದ್ದಿ ಅಂಬಿಗನಿಗೂ ಮುಟ್ಟಿತು. ಇನ್ನು ಅರಮನೆ ಇವರ ಮಾತು ಕೇಳುವುದಿಲ್ಲ ಎಂದು ಅವನಿಗೆ ಧೈರ್ಯ ಬಂತು. ಕಾವಲಿನವರನ್ನು ಕರೆತಂದು ಹೆಂಗಸರನ್ನು ದೋಣಿಯಿಂದ ಇಳಿಸಿದ. ಆ ಸಂಜೆ ದೋಣಿಗೆ ಬಿಗಿದ ಸರಪಳಿಯ ಸದ್ದು ಕೋಶಕಾರನ ಮನೆಯವರೆಗೂ ಕೇಳಿಸಿತು. ಅವನು ಕೈಯ ತುತ್ತು ತಟ್ಟೆಗೆ ಹಾಕಿ ಎದ್ದು ಹೊರಗೆ ಬಂದ. ಹೊಳೆಯ ಕಡೆಯಿಂದ ಯಾರೋ ಅಂಬಿಗನನ್ನು ಕೂಗುತ್ತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಚಡಪಡಿಸಿದ. "ಅವನಾದರೂ ಏನು ಮಾಡಬೇಕಿತ್ತು, ಗುರುಗಳೇ? ಸಿಕ್ಕಿದ್ದು ಬೈಗುಳ ಒಂದೇ. ಬೈಗುಳ ಸಾಕ್ಷಿಯಾಗುತ್ತದೆಯೇ?"

ಗುರುಗಳು ತಿರುಗಿ ಕೇಳಿದರು.

"ಲೆಕ್ಕಕ್ಕಿಲ್ಲದವರ ಮೇಲೆ ಯಾರಾದರೂ ಅಷ್ಟು ಉರಿದುಬೀಳುತ್ತಾರೇನಪ್ಪಾ?"